ಗಾಳ ಬಾಯಿಗೇ ಬಿತ್ತಾ?

ಮಾರ್ಚ್ ಕೊನೆಯ ವಾರ. ಬೆಳಗಿನ ಏಳೂವರೆ. ಮೌಮಿ ನದಿಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೇನೆ. ನೀರಿನ ಬಿಸಿ 7 ಡಿಗ್ರಿ ಸೆಲ್ಸಿಯಸ್. ಎದೆಯವರೆಗೆ ರಬ್ಬರಿನ ವೇಡರ್ ಹಾಕಿದ್ದರೂ ಮೊಣಕಾಲು ಜೋಮು ಹಿಡಿದಿದೆ. ಎಡಗಡೆ ಹತ್ತು ಅಡಿ ದೂರದಲ್ಲಿ ಒಬ್ಬರು, ಬಲಗಡೆ ಅಷ್ಟೇ ದೂರದಲ್ಲಿ ಇನ್ನೊಬ್ಬರು. ಹೊಳೆಯ ಉದ್ದಕ್ಕೂ ಹೀಗೇ ಸಾಲು. ಯಾರೂ ಮಾತಾಡುವುದಿಲ್ಲ. ಎಲ್ಲರೂ ಸ್ವಲ್ಪ ಮೇಲ್ಗಡೆಗೆ ಗಾಳ ಎಸೆಯುತ್ತಾರೆ. ದಾರ ನೀರಿನ ಜೊತೆ ಬಾಗಿ ಕೆಳಕ್ಕೆ ಬರುತ್ತದೆ. ಸುತ್ತಿಕೊಂಡು ಮತ್ತೆ ಎಸೆಯುತ್ತಾರೆ.

ನೀರು ಕಾಫಿ ಬಣ್ಣದ್ದು. ಒಳಗೆ ಏನೂ ಕಾಣುವುದಿಲ್ಲ. ಕಣ್ಣು ಮಾಡಬೇಕಾದ ಕೆಲಸವನ್ನು ಬೆರಳು ಮಾಡುತ್ತದೆ. ಸೀಸದ ಗುಂಡು ತಳದ ಕಲ್ಲಿಗೆ ಬಡಿಯುತ್ತಾ ಉರುಳುವುದು ದಾರದಲ್ಲಿ ಗೊತ್ತಾಗುತ್ತದೆ. ಟಕ್, ಟಕ್, ಟಕ್. ಗುಂಡು ಹಗುರವಾದರೆ ನೀರು ಎತ್ತಿಕೊಂಡು ಹೋಗುತ್ತದೆ, ಆಗ ಟಕ್ ಅನ್ನುವುದಿಲ್ಲ. ಭಾರವಾದರೆ ಒಂದೇ ಕಡೆ ಕೂರುತ್ತದೆ. ಹೊಳೆ ದಿನದಿನಕ್ಕೂ ಬೇರೆ. ಅದಕ್ಕೇ ಜೇಬಿನಲ್ಲಿ ನಾಲ್ಕೈದು ತೂಕದ ಗುಂಡು ಇಟ್ಟುಕೊಂಡಿರುತ್ತೇನೆ. ಟಕ್ ಟಕ್ ನಡುವೆ ಒಮ್ಮೆ ದಾರ ಮೆತ್ತಗೆ ನಿಂತ ಹಾಗೆ ಆಗುತ್ತದೆ. ಒದ್ದೆ ಬಟ್ಟೆಗೆ ಸಿಕ್ಕಿದಂತೆ. ವಾಲ್‌ಐ ಅನ್ನುವ ಮೀನು ಗಾಳ ಹಿಡಿಯುವುದು ಹಾಗೆ. ಜಗ್ಗುವುದಿಲ್ಲ, ಸುಮ್ನೆ ಬಾಯಲ್ಲಿ ಹಿಡಿದು ನಿಲ್ಲುತ್ತದೆ.

ಓಹಾಯೊ ರಾಜ್ಯದ ಟೊಲಿಡೊ ಊರಿಗೆ ನಾನು ಬಂದು ಬಹಳ ವರ್ಷವಾಯಿತು. ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ, ತುಂಗೆಯ ಹತ್ತಿರ. ಹೊಳೆ ಪಕ್ಕದಲ್ಲಿ ಬೆಳೆದವರಿಗೆ ಎಲ್ಲಿ ಹೋದರೂ ಮೊದಲು ಹೊಳೆ ಹುಡುಕುವ ಅಭ್ಯಾಸ ಇರುತ್ತದೆ. ಇಲ್ಲಿ ನನಗೆ ಸಿಕ್ಕಿದ್ದು ಮೌಮಿ. ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ಎರಡು ನದಿ ಸೇರಿ ಹುಟ್ಟುತ್ತದೆ. ಸುಮಾರು 220 ಕಿಲೋಮೀಟರ್ ಹರಿದು ಟೊಲಿಡೊದಲ್ಲಿ ಈರಿ ಸರೋವರ ಸೇರುತ್ತದೆ. ಸರೋವರ ಅಂದರೆ ಕೆರೆ ಅಂದುಕೊಳ್ಳಬೇಡಿ, ಎದುರು ದಡ ಕಾಣದಷ್ಟು ದೊಡ್ಡದು.

ಪ್ರತಿ ವಸಂತದಲ್ಲಿ ಆ ಸರೋವರದ ವಾಲ್‌ಐ ಮೀನುಗಳು ಮೊಟ್ಟೆ ಇಡಲು ಈ ನದಿಗೆ ಏರಿ ಬರುತ್ತವೆ. ಐಸ್ ಕರಗಿದ ಮೇಲೆ, ಮಾರ್ಚ್ ಮೊದಲಲ್ಲಿ ಗಂಡು ಮೀನು ಬರುತ್ತದೆ. ಅದು ವಾರಗಟ್ಟಲೆ ಕಾಯುತ್ತದೆ. ಹೆಣ್ಣು ಬಂದು, ಮೊಟ್ಟೆ ಇಟ್ಟು, ಬೇಗ ಹೋಗಿಬಿಡುತ್ತದೆ. ನೀರು 6ರಿಂದ 11 ಡಿಗ್ರಿ ಇರುವಾಗ ಜೋರು. ಏಪ್ರಿಲ್ ಮುಗಿಯುವ ಹೊತ್ತಿಗೆ ಎಲ್ಲ ಖಾಲಿ. ಪೆರಿಸ್ಬರ್ಗ್ ಮತ್ತು ಮೌಮಿ ಅನ್ನುವ ಊರುಗಳು ಹೊಳೆಯ ಆಚೆ ಈಚೆ ಇವೆ. ಆ ಭಾಗದಲ್ಲಿ ಹೊಳೆ ಕಲ್ಲು ಮತ್ತು ಜಲ್ಲಿಯ ಮೇಲೆ ಸದ್ದು ಮಾಡುತ್ತಾ ಹರಿಯುತ್ತದೆ. ಮೀನಿಗೆ ಬೇಕಾದ್ದು ಆ ಜಲ್ಲಿಯೇ. ಗೂಡು ಕಟ್ಟುವುದಿಲ್ಲ, ಕಾವಲೂ ಕಾಯುವುದಿಲ್ಲ. ರಾತ್ರಿ ಹೊತ್ತು ಗಂಡು ಹೆಣ್ಣು ಒಟ್ಟಾಗಿ ಜಲ್ಲಿಯ ಮೇಲೆ ಹಾಯುತ್ತವೆ. ಮೊಟ್ಟೆ ಕಲ್ಲಿನ ಸಂದಿಗೆ ಇಳಿಯುತ್ತದೆ. ದೊಡ್ಡ ಹೆಣ್ಣು ಮೀನೊಂದು ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತದೆ. ಎರಡು ಮೂರು ವಾರದಲ್ಲಿ ಮರಿ ಹೊರಬಂದು, ಹೊಳೆಯ ನೀರು ಎಳೆದತ್ತ ತೇಲುತ್ತಾ ಸರೋವರಕ್ಕೆ ಹೋಗುತ್ತದೆ.

ಈ ಮೀನಿನ ಹೆಸರು ಬಂದದ್ದು ಕಣ್ಣಿನಿಂದ. ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಕೊಟ್ಟಿಗೆಯಲ್ಲಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು ಹೊಳೆಯುವುದಿಲ್ವಾ, ಅದೇ. ಕತ್ತಲಲ್ಲೂ ಕೆಸರು ನೀರಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ನಮಗೆ ಅದು ಕಾಣುವುದಿಲ್ಲ, ಅದಕ್ಕೆ ನಾವು ಹಾಕಿದ ಹಸಿರು ಬಾಲದ ರಬ್ಬರ್ ಹುಳು ಕಾಣುತ್ತದೆ. ಮೊದಲ ವರ್ಷ ಈ ಯೋಚನೆಯೇ ನನ್ನನ್ನು ಗಂಟೆಗಟ್ಟಲೆ ನೀರಲ್ಲಿ ನಿಲ್ಲಿಸುತ್ತಿತ್ತು.

ನನಗೆ ಇಲ್ಲಿ ಗಾಳ ಹಾಕುವುದು ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಪರಿಚಯ ಆದದ್ದು ಹೊಳೆಯಲ್ಲೇ. ಆ ದಿನ ನಾನು ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದೆ. ವೇಡರ್ ಮೇಲೆ ಸೊಂಟಪಟ್ಟಿ ಕಟ್ಟಿರಲಿಲ್ಲ. ನೀರು ಒಳಗೆ ನುಗ್ಗಿತು. ಎರಡೂ ಕಾಲು ಕೊಡಪಾನದಷ್ಟು ಭಾರ. ಆ ಅಜ್ಜ ತನ್ನ ಕೋಲು ಚಾಚಿ, ಎಳೆದು ನಿಲ್ಲಿಸಿದರು. ಬೈಯಲಿಲ್ಲ. ತಮ್ಮ ಚೀಲದಿಂದ ಒಂದು ಪಟ್ಟಿ ತೆಗೆದು ಕೊಟ್ಟರು. ಆಮೇಲೆ ಒಂದೊಂದೇ ಹೇಳಿಕೊಟ್ಟರು. ಮನೆ ಬಿಡುವ ಮೊದಲು ವಾಟರ್‌ವಿಲ್ ಮಾಪಕದ ನೀರಿನ ಮಟ್ಟ ನೋಡಬೇಕು. ಮೇಲೆ ಮಳೆಯಾಗಿದ್ದರೆ ಹೊಳೆ ನಡುವಿನ ಬ್ಲೂಗ್ರಾಸ್ ದ್ವೀಪಕ್ಕೆ ದಾಟಬಾರದು, ಹೊತ್ತು ಏರಿದ ಹಾಗೆ ನೀರೂ ಏರಿದರೆ ವಾಪಸ್ ಬರಲು ಆಗುವುದಿಲ್ಲ. ಪಕ್ಕದವರಿಗೆ ಮೀನು ಸಿಕ್ಕಿದರೆ ನಿನ್ನ ದಾರ ಸುತ್ತಿಕೊಂಡು ದಾರಿ ಬಿಡಬೇಕು.

ಕೊನೆಗೆ ಅವರು ಹೇಳಿದ್ದು ಬಾಯಿಯ ವಿಷಯ.

ಇಲ್ಲಿ ಕಾನೂನು ಹೀಗಿದೆ. ಗಾಳ ಮೀನಿನ ಬಾಯಿಯ ಒಳಗೆ ಸಿಕ್ಕಿದ್ದರೆ ಮಾತ್ರ ಆ ಮೀನು ನಿಮ್ಮದು. ಬೆನ್ನಿಗೆ, ಹೊಟ್ಟೆಗೆ, ರೆಕ್ಕೆಗೆ, ಬಾಲಕ್ಕೆ ಚುಚ್ಚಿಕೊಂಡು ಬಂದರೆ ಆ ಕ್ಷಣವೇ ಬಿಡಬೇಕು. ಎಷ್ಟು ದೊಡ್ಡದಾದರೂ ಬಿಡಬೇಕು. ಇದಲ್ಲದೆ 15 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಈಗಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 6 ಮೀನು. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಗಾಳ ಹಾಕುವಂತಿಲ್ಲ. ಹಾಗಾಗಿ ರಾತ್ರಿ ಪೂರ್ತಿ ಮೀನಿನದು. ಮೂರು ಮೊನೆಯ ಗಾಳವನ್ನೂ ಬಳಸುವಂತಿಲ್ಲ.

ಹೊಳೆ ತುಂಬಾ ಮೀನು ಒತ್ತೊತ್ತಾಗಿ ನಿಂತಿರುವಾಗ ಯಾವುದೋ ಒಂದರ ಮೈಗೆ ಗಾಳ ತಾಗಿಸುವುದು ಕಷ್ಟವಲ್ಲ. ಜೋರಾಗಿ ಜಗ್ಗುತ್ತಾ ಇದ್ದರೆ ಸಾಕು. ಕಾನೂನು ಅದನ್ನೇ ತಡೆಯುತ್ತದೆ. ಮೀನು ತಾನಾಗಿ ಬಾಯಿ ಹಾಕಿರಬೇಕು. ನನಗೆ ಈ ನಿಯಮ ಬಹಳ ಇಷ್ಟವಾಯಿತು. ಉಳಿದ ನಿಯಮಗಳೆಲ್ಲ ಎಷ್ಟು, ಯಾವಾಗ, ಯಾವ ಅಳತೆ ಅಂತ ಕೇಳುತ್ತವೆ. ಇದೊಂದು ಮಾತ್ರ, ಮೀನಿಗೂ ಇದರಲ್ಲಿ ಪಾಲಿತ್ತಾ ಅಂತ ಕೇಳುತ್ತದೆ.

ಆದರೆ ಇದರಲ್ಲೂ ಒಂದು ಗಂಟಿದೆ. ಇಲ್ಲಿ ಗುಂಡಿಗೂ ಗಾಳಕ್ಕೂ ನಡುವೆ ಒಂದಿಷ್ಟು ದಾರ ಬಿಡುತ್ತಾರೆ. ಆ ದಾರ ಉದ್ದವಾದಷ್ಟೂ ನೀರಲ್ಲಿ ಅಡ್ಡಡ್ಡ ಬೀಸುತ್ತದೆ. ಮೀನು ಬಾಯಿ ತೆರೆದು ಮುಚ್ಚಿ ಉಸಿರಾಡುತ್ತಾ ನಿಂತಿರುತ್ತದಲ್ಲ, ಆ ಬಾಯಿಯೊಳಗೆ ದಾರ ಹಾದುಹೋಗುತ್ತದೆ. ನಾವು ಎಳೆದಾಗ ಗಾಳ ಬಂದು ತುಟಿಗೆ ಹೊರಗಿನಿಂದ ಚುಚ್ಚುತ್ತದೆ. ನೋಡಿದರೆ ಬಾಯಿಗೇ ಬಿದ್ದ ಹಾಗೆ ಕಾಣುತ್ತದೆ. ಮೀನು ಕಚ್ಚಿರುವುದಿಲ್ಲ. ಇದರ ಬಗ್ಗೆ ಗಾಳದವರಲ್ಲೇ ಜಗಳ ಇದೆ. ನಾನು ಒಂದೂವರೆ ಅಡಿಗಿಂತ ಉದ್ದ ದಾರ ಬಿಡುವುದಿಲ್ಲ. ಮೀನು ಕಡಿಮೆ ಸಿಗುತ್ತದೆ. ಅಜ್ಜ ಒಂದು ಅಡಿ ಮಾತ್ರ ಬಿಡುತ್ತಿದ್ದರು.

ಕೆಲವು ವರ್ಷದ ಹಿಂದೆ ಅಪ್ಪಯ್ಯ ಊರಿಂದ ಬಂದಿದ್ದರು. ಏಪ್ರಿಲ್ ಮೊದಲ ವಾರ. ಅವರಿಗೆ ಎರಡು ಸ್ವೆಟರ್, ಮೇಲೆ ನನ್ನ ಜಾಕೆಟ್, ಕಿವಿ ಮುಚ್ಚುವ ಟೋಪಿ ಹಾಕಿಸಿ ಸೈಡ್ ಕಟ್ ಪಾರ್ಕಿಗೆ ಕರೆದುಕೊಂಡು ಹೋದೆ. ದಡದಲ್ಲಿ ಕುರ್ಚಿ ಹಾಕಿ ಕೂರಿಸಿ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟು, ನಾನು ನೀರಿಗೆ ಇಳಿದೆ. ಅರ್ಧ ಗಂಟೆ ಅವರು ಏನೂ ಮಾತಾಡಲಿಲ್ಲ. ಸಾಲು ನೋಡಿದರು. ಒಬ್ಬೊಬ್ಬರ ಗಾಳ ನೋಡಿದರು. ನಾನು ಕಾಫಿಗೆ ಅಂತ ದಡಕ್ಕೆ ಬಂದಾಗ ಕೇಳಿದರು.

"ಅಲ್ಲ ಮಾರಾಯ, ಇದು ಹತ್ತುಮೀನೇ ಅಲ್ವನಾ?"

"ಹೌದು ಅಪ್ಪಯ್ಯ. ಅದೇ."

"ಮೊಟ್ಟೆ ಇಡಕ್ಕೆ ಬಂದಿದ್ದಾ?"

"ಹೌದು."

ಮಲೆನಾಡಿನವರಿಗೆ ಹತ್ತುಮೀನು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದು ಎರಡು ಮೂರು ದಿನ ಬಿಡದೆ ಹೊಯ್ದರೆ ಹಳ್ಳಕ್ಕೆ ಕೆಂಪು ನೀರು ಬರುತ್ತದೆ. ಹೊಳೆಯ ಮೀನು ಹಳ್ಳಕ್ಕೆ ಹತ್ತುತ್ತದೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ. ಹೊಟ್ಟೆ ತುಂಬ ಮೊಟ್ಟೆ. ಆ ರಾತ್ರಿ ಮನೆಯ ಗಂಡಸರು ಕಂಬಳಿ ಕೊಪ್ಪೆ ಹಾಕಿ, ಟಾರ್ಚು, ಕತ್ತಿ ಹಿಡಿದು ಹೊರಡುತ್ತಾರೆ. ಮೊಣಕಾಲು ಮಟ್ಟದ ನೀರಲ್ಲಿ ಮೀನು ಓಡಲು ಜಾಗವಿಲ್ಲ. ಕಡಿಯುವುದೇ. ಕೆಲವರು ಹಳ್ಳಕ್ಕೆ ಕೂಣಿ ಅನ್ನುವ ಮೀನು ಹಿಡಿಯುವ ಬುಟ್ಟಿ ಇಡುತ್ತಾರೆ. ಬೆಳಗ್ಗೆ ಅಜ್ಜಿ ಹೊಟ್ಟೆ ಸೀಳಿದರೆ ಅಂಗೈ ತುಂಬ ಮೊಟ್ಟೆ. ಅದನ್ನು ಹಸಿಮೆಣಸು, ಈರುಳ್ಳಿ ಹಾಕಿ ಹುರಿಯುತ್ತಿದ್ದಳು. ನನ್ನ ಬಾಲ್ಯದ ಅತ್ಯಂತ ಖುಷಿಯ ರಾತ್ರಿಗಳಲ್ಲಿ ಅವೂ ಸೇರಿವೆ. ಸುಳ್ಳು ಹೇಳಲಾರೆ.

ಅಪ್ಪಯ್ಯನಿಗೆ ಇಲ್ಲಿಯ ಕಾನೂನು ಹೇಳಿದೆ. ಮಿನೆಸೋಟಾದಲ್ಲಿ ಇದೇ ಮೀನಿಗೆ ಮೇ ತಿಂಗಳವರೆಗೆ ಗಾಳ ಹಾಕುವಂತಿಲ್ಲ, ಇಲ್ಲಿ ಹಾಕಬಹುದು ಅಂದೆ. ಯಾಕೆ ಹೀಗೆ ಅಂದರು. ನಾನು ಓದಿಕೊಂಡಿದ್ದನ್ನು ಹೇಳಿದೆ. ಈರಿಯ ವಾಲ್‌ಐ ಎಲ್ಲವೂ ನದಿಗೆ ಬರುವುದಿಲ್ಲ, ಬಹಳಷ್ಟು ಸರೋವರದ ಒಳಗಿರುವ ಕಲ್ಲುದಿಬ್ಬಗಳ ಮೇಲೇ ಮೊಟ್ಟೆ ಇಡುತ್ತವೆ. ಒಂದು ವರ್ಷ ಮರಿ ಜಾಸ್ತಿ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ತಾಯಿಮೀನಿನ ಸಂಖ್ಯೆಗಿಂತ ಆ ವಸಂತದ ಗಾಳಿ, ಚಳಿ ಜಾಸ್ತಿ ತೀರ್ಮಾನಿಸುತ್ತವೆ. 2003, 2015, 2018ರಲ್ಲಿ ಮರಿಗಳು ರಾಶಿ ರಾಶಿ ಉಳಿದವು. ಮತ್ತೆ, ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಮೀನು ಹಿಡಿದರೂ ಅದು ಮುಂದಿನ ಏಪ್ರಿಲ್‌ಗೆ ಮೊಟ್ಟೆ ಇಡುವುದಿಲ್ಲ. ಯಾವಾಗ ಹಿಡಿದರೂ ಲೆಕ್ಕ ಒಂದೇ, ಒಟ್ಟು ಎಷ್ಟು ಹಿಡಿದೆವು ಅನ್ನುವುದೇ ಮುಖ್ಯ.

ಅಪ್ಪಯ್ಯ ಕಾಫಿ ಮುಗಿಸಿದರು.

"ಲೆಕ್ಕ ಸರಿ ಇದೆ" ಅಂದರು. "ಆದ್ರೆ ಅಕ್ಟೋಬರಲ್ಲಿ ಮೀನು ಓಡಬಹುದು. ಇಲ್ಲಿ ಎಲ್ಲಿಗೆ ಓಡ್ತದೆ?"

ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. "ನಾನೇನು ಕಮ್ಮಿ ಕಡಿದಿಲ್ಲ. ಒಂದೊಂದು ರಾತ್ರಿ ಎರಡು ಬುಟ್ಟಿ. ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಅಂತ ಮಂಡಕ್ಕಿ ಹಾಕಿ ಕೈ ಮುಗಿಯೋದು, ಮನೆ ಹತ್ರ ಬಂದು ಹಳ್ಳದಲ್ಲಿ ಕಡಿಯೋದು. ಎರಡಕ್ಕೂ ನಡುವೆ ಒಂದು ಅಳತೆ ಅಂತ ಯಾರೂ ಇಟ್ಟಿರಲಿಲ್ಲ ನೋಡು."

ಚಿಬ್ಬಲಗುಡ್ಡೆ ನಮ್ಮ ಕಡೆಯ ಮತ್ಸ್ಯಧಾಮ. ದೇವಸ್ಥಾನದ ಎದುರು ತುಂಗೆಯಲ್ಲಿ ದೊಡ್ಡ ದೊಡ್ಡ ಮೀನು ಕಾಲ ಹತ್ತಿರ ಬರುತ್ತವೆ, ಯಾರೂ ಮುಟ್ಟುವುದಿಲ್ಲ. ಅಪ್ಪಯ್ಯನ ಮಾತು ನನ್ನ ಮನಸ್ಸಿನಲ್ಲಿ ಇವತ್ತಿಗೂ ಇದೆ. ಪೂರ್ತಿ ಮುಟ್ಟದೇ ಇರುವುದು ಗೊತ್ತಿತ್ತು, ಪೂರ್ತಿ ಬಾಚುವುದೂ ಗೊತ್ತಿತ್ತು. ಆರು ಹಿಡಿದು ಏಳನೆಯದಕ್ಕೆ ಕೈ ಹಿಂದೆ ತೆಗೆಯುವುದು ನಮಗೆ ಯಾರೂ ಕಲಿಸಿರಲಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, 61 ದಿನ ರಜೆ. ನಮ್ಮ ಗದ್ದೆ ಬದಿಯ ಹಳ್ಳಕ್ಕೆ ಅದೇ ಜೂನ್‌ನಲ್ಲಿ ಸುಗ್ಗಿ.

ಆವತ್ತು ಹನ್ನೊಂದು ಗಂಟೆ ಹೊತ್ತಿಗೆ ನನ್ನ ಗಾಳಕ್ಕೆ ಏನೋ ಭಾರ ಸಿಕ್ಕಿತು. ಕಲ್ಲು ಅಂದುಕೊಂಡೆ. ಕಲ್ಲು ಕೆಳಕ್ಕೆ ಹೊರಟಿತು. ಪಕ್ಕದವರು ತಮ್ಮ ದಾರ ಸುತ್ತಿಕೊಂಡರು. ನಾನು ಮೀನಿನ ಹಿಂದೆಯೇ ಹೊಳೆಯಲ್ಲಿ ಮೂವತ್ತು ನಲವತ್ತು ಹೆಜ್ಜೆ ಇಳಿದೆ. ಅಪ್ಪಯ್ಯ ದಡದಲ್ಲಿ ನನಗೆ ಸಮವಾಗಿ ನಡೆದು ಬರುತ್ತಿದ್ದರು. ಕೊನೆಗೆ ಅದು ಮೇಲೆ ಬಂತು. ನನ್ನ ಕೈ ಉದ್ದದ ಹೆಣ್ಣು ಮೀನು. ಬಂಗಾರ ಬಣ್ಣದ ಪಕ್ಕೆ, ಬಿಳಿ ಹೊಟ್ಟೆ, ಬಾಲದ ಕೆಳತುದಿಯಲ್ಲಿ ಸುಣ್ಣ ಹಚ್ಚಿದ ಹಾಗೆ ಬಿಳಿ ಗುರುತು. ಅಷ್ಟು ದೊಡ್ಡದು ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಗಾಳ ಬೆನ್ನಿನ ರೆಕ್ಕೆಯ ಬುಡಕ್ಕೆ ಚುಚ್ಚಿತ್ತು.

ಪಕ್ಕದಲ್ಲಿದ್ದ ಒಬ್ಬರು ನೋಡಿ "ಬೆನ್ನಿಗೆ" ಅಂತ ಮಾತ್ರ ಅಂದರು. ನಾನು ನೀರೊಳಗೇ ಅದನ್ನು ಹಿಡಿದು ಗಾಳ ಬಿಡಿಸಿದೆ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ತಲೆ ಹರಿವಿನ ಕಡೆ ಮಾಡಿ ಸ್ವಲ್ಪ ಹೊತ್ತು ಹಿಡಿದುಕೊಂಡೆ. ದಣಿದ ಮೀನಿಗೆ ಕಿವಿರಿನ ಮೂಲಕ ನೀರು ಹಾಯಬೇಕು. ಅದರ ಹೊಟ್ಟೆ ಮೆತ್ತಗಿತ್ತು, ಸಮಯ ಬಂದಿತ್ತು. ಒಂದು ಸಲ ಮೈ ನಡುಗಿಸಿತು. ಆಮೇಲೆ ಕೈಯಿಂದ ಜಾರಿ ಹೋಯಿತು. ಹೋದದ್ದು ಮೇಲ್ಗಡೆಗೇ.

ದಡಕ್ಕೆ ಬಂದಾಗ ನನ್ನ ಕೈಗವಸಿಗೆ ರಾಗಿ ಕಾಳಿನಷ್ಟು ಗಾತ್ರದ ಏಳೆಂಟು ಮೊಟ್ಟೆ ಅಂಟಿಕೊಂಡಿದ್ದವು. ಅಪ್ಪಯ್ಯ ಹತ್ತಿರ ಬಂದು ನೋಡಿದರು. ಒಂದೊಂದನ್ನೇ ಬೆರಳ ತುದಿಗೆ ತೆಗೆದುಕೊಂಡು, ಬಗ್ಗಿ, ನೀರಲ್ಲಿ ಕಲ್ಲುಗಳ ನಡುವೆ ಬೆರಳು ಅದ್ದಿ ಬಿಟ್ಟರು. ಗಂಡು ಮೀನು ಮುಟ್ಟದ ಮೊಟ್ಟೆ ಮರಿಯಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಎಲ್ಲ ಬಿಡುವವರೆಗೆ ನಿಂತಿದ್ದೆ.

ಈ ಹೊಳೆಯ ಬಗ್ಗೆ ಹೇಳುವಾಗ ಮೀನಿನ ಸಂಭ್ರಮ ಅಷ್ಟೇ ಹೇಳಿದರೆ ಸರಿಯಾಗದು. 1970ರಲ್ಲಿ ಈರಿಯ ವಾಲ್‌ಐಯಲ್ಲಿ ಪಾದರಸ ಜಾಸ್ತಿ ಅಂತ ಗೊತ್ತಾಗಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಓಹಾಯೊ ಕಡೆ ವ್ಯಾಪಾರಕ್ಕೆ ಬಲೆ ಹಾಕಿ ಈ ಮೀನು ಹಿಡಿಯುವುದು ಆಮೇಲೆ ಮತ್ತೆ ಶುರುವಾಗಲಿಲ್ಲ. 1972ರಲ್ಲಿ ಶುದ್ಧ ನೀರಿನ ಕಾಯಿದೆ ಬಂತು. ನಿಧಾನಕ್ಕೆ ಮೀನು ಮರಳಿತು. ಈಗಿನ ತೊಂದರೆ ಬೇರೆ. ಮೌಮಿ ಬಯಲು ಹಿಂದೆ ದೊಡ್ಡ ಜೌಗು ಪ್ರದೇಶವಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಬಸಿದು ಹೊಲ ಮಾಡಿದರು. ಆ ಹೊಲದ ಗೊಬ್ಬರದ ರಂಜಕ ಮಳೆಗೆ ಕೊಚ್ಚಿ ಹೊಳೆಗೆ, ಹೊಳೆಯಿಂದ ಸರೋವರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಹಸಿರು ಪಾಚಿ ಏಳುತ್ತದೆ. 2014ರ ಆಗಸ್ಟ್‌ನಲ್ಲಿ ಆ ಪಾಚಿಯ ವಿಷ ಟೊಲಿಡೊದ ನಲ್ಲಿ ನೀರಿಗೆ ಸೇರಿತು. ಸುಮಾರು ಮೂರು ದಿನ ನಾವು ನಲ್ಲಿ ತಿರುಗಿಸಲಿಲ್ಲ. ಕುದಿಸಿ ಕುಡಿಯೋಣ ಅಂದರೆ, ಕುದಿಸಿದಷ್ಟೂ ವಿಷ ಗಟ್ಟಿಯಾಗುತ್ತದೆ ಅಂದರು. ಮಿಶಿಗನ್ ಗಡಿ ದಾಟಿ ಬಾಟಲಿ ನೀರು ತಂದೆವು. ಇಷ್ಟು ದೊಡ್ಡ ಸಿಹಿನೀರಿನ ಸರೋವರದ ಪಕ್ಕದಲ್ಲಿ ಮಗುವಿಗೆ ಕುಡಿಸಲು ನೀರಿಲ್ಲ. ಆ ಮೂರು ದಿನದ ಸಿಟ್ಟು ನನ್ನಲ್ಲಿ ಇನ್ನೂ ಹೋಗಿಲ್ಲ.

ನನ್ನ ಆರು ಮೀನನ್ನು ಎಣಿಸಲು ವಾರ್ಡನ್ ಬರುತ್ತಾರೆ, ಬರಲಿ. ಅದು ಸರಿಯೇ. ಆದರೆ ಹೊಲದಿಂದ ಇಳಿಯುವ ರಂಜಕಕ್ಕೆ ಅಷ್ಟು ಕಟ್ಟುನಿಟ್ಟು ಇಲ್ಲ. ಹೆಚ್ಚಿನದು ರೈತರ ಇಷ್ಟಕ್ಕೆ ಬಿಟ್ಟದ್ದು, ಕಡಿಮೆ ಮಾಡಿದರೆ ಸರ್ಕಾರ ಹಣ ಕೊಡುತ್ತದೆ ಅಷ್ಟೇ. ಕಲ್ಲಿನ ಸಂದಿಯಲ್ಲಿರುವ ಮೊಟ್ಟೆಗೆ ಗಾಳಕ್ಕಿಂತ ಕೆಸರಿನ ಭಯ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಒಳ್ಳೆಯದೂ ಆಗಿದೆ. ಪಕ್ಕದ ಸ್ಯಾಂಡಸ್ಕಿ ನದಿಗೂ ಇದೇ ಮೀನು ಏರುತ್ತದೆ. ಅಲ್ಲಿ ಫ್ರೀಮಾಂಟ್ ಊರಿನ ಬಾಲ್‌ವಿಲ್ ಅಣೆಕಟ್ಟು ನೂರು ವರ್ಷ ದಾರಿಗೆ ಅಡ್ಡ ನಿಂತಿತ್ತು. ಹಳೆಯದಾಗಿ ಅಪಾಯ ಅನ್ನಿಸಿಕೊಂಡಿತ್ತು. 2018ರಲ್ಲಿ ಒಡೆದರು. ಈಗ ಮೇಲಿನ ಜಲ್ಲಿಗೂ ಮೀನಿಗೆ ದಾರಿಯಾಗಿದೆ. ಅಪ್ಪಯ್ಯನಿಗೆ ಅದನ್ನೂ ತೋರಿಸಲು ಕರೆದುಕೊಂಡು ಹೋಗಿದ್ದೆ. ಗಾಜನೂರು ಅಣೆಕಟ್ಟು ನೋಡಿಕೊಂಡೇ ಓಡಾಡಿದವರು ಅವರು. ಖಾಲಿ ಜಾಗದಲ್ಲಿ ಹರಿಯುವ ನೀರನ್ನು ಬಹಳ ಹೊತ್ತು ನೋಡಿದರು. "ಒಡೆದ ಅಣೆಕಟ್ಟು ನೋಡಿದ್ದು ಇದೇ ಮೊದಲು" ಅಂದರು.

ದೊಡ್ಡ ಮೀನು ಬಿಟ್ಟ ದಿನ ನಮಗೆ ಎರಡು ಗಂಡು ಮೀನು ಸಿಕ್ಕಿದ್ದವು. ಎರಡೂ ಬಾಯಿಗೆ. ಮನೆಯಲ್ಲಿ ಅಪ್ಪಯ್ಯನೇ ಹೆಚ್ಚಿದರು. ವಾಲ್‌ಐಯ ಮಾಂಸ ಬೆಳ್ಳಗೆ, ಜಿಡ್ಡಿಲ್ಲ, ವಾಸನೆ ಇಲ್ಲ. ಒಂದನ್ನು ರವೆ ಹಚ್ಚಿ ಹುರಿದೆವು. ಇನ್ನೊಂದಕ್ಕೆ ಅವರು ಊರಿಂದ ತಂದ ಉಪ್ಪಾಗೆ ಹುಳಿ ಹಾಕಿ ಸಾರು. ಸಾರಿಗೆ ಇದು ಸ್ವಲ್ಪ ಸಪ್ಪೆ, ಮಸಾಲೆ ಜಾಸ್ತಿ ಬೇಕು. ಹುರಿದರೆ ಮಾತ್ರ ಇದಕ್ಕೆ ಸಮ ಇಲ್ಲ.

ಅಪ್ಪಯ್ಯ ಊರಿಗೆ ಹೋದ ಮೇಲೆ ಪ್ರತಿ ವರ್ಷ ಮಾರ್ಚ್ ಕೊನೆಗೆ ತಾವೇ ಫೋನ್ ಮಾಡುತ್ತಾರೆ. ಎಷ್ಟು ಸಿಕ್ಕಿತು ಅಂತ ಕೇಳುವುದಿಲ್ಲ. ಈ ವರ್ಷವೂ ಮಾಡಿದ್ದರು. ನಾನು ಆಗ ತಾನೇ ವೇಡರ್ ಬಿಚ್ಚಿ ಕಾರಿನ ಹಿಂದೆ ಕೂತಿದ್ದೆ.

"ಹೋಗಿದ್ಯಾ?"

"ಹೋಗಿದ್ದೆ ಅಪ್ಪಯ್ಯ. ಎರಡು ಬಂತು."

"ಗಾಳ ಬಾಯಿಗೇ ಬಿತ್ತಾ?"

"ಒಂದು ಬಾಯಿಗೆ. ಒಂದು ರೆಕ್ಕೆಗೆ."

"ರೆಕ್ಕೆದು?"

"ಹೋಯ್ತು."

"ಮೇಲಕ್ಕಾ, ಕೆಳಕ್ಕಾ?"

"ಮೇಲಕ್ಕೆ."

ಅವರು ಹೂಂ ಅಂದರು. ಆಮೇಲೆ ಊರಲ್ಲಿ ಬಿಸಿಲು ಜೋರು, ಹಳ್ಳ ಪೂರ್ತಿ ಬತ್ತಿದೆ, ಮಳೆಗೆ ಇನ್ನೂ ಎರಡು ತಿಂಗಳು ಕಾಯಬೇಕು ಅಂತ ಹೇಳಿದರು.